ಟಿಣ್ ಟಿಣ್ ಉಂಗುರ

ಊಟಕ್ಕೆ ಕೂತ ವಿರೇಶನಿಗೆ ನೀರು ಬೇಕಾದರೆ ಬಾಯಿ ತೆರೆದು ಕೇಳುವುದಿಲ್ಲ. ಎಡಗೈಯ ಕೆಂಪು ಹರಳಿನ ಉಂಗುರದಿಂದ ಸ್ಟೀಲ್ ಲೋಟಕ್ಕೆ ಎರಡು ಸಲ ಬಡಿಯುತ್ತಾನೆ, ಟಿಣ್ ಟಿಣ್. ಪಂಕ್ತಿಯಲ್ಲಿ ಎಷ್ಟು ಜನರಿದ್ದರೂ ಎದ್ದು ತಂಬಿಗೆ ತರುವವನು ಹುಲಿಗೇಶನೇ. ಮೊದಲ ಸಲ ಎದ್ದದ್ದು ಹೊಸ ಅಳಿಯನ ವಿನಯಕ್ಕೆ. ಆಮೇಲಿನ ಆರು ವರ್ಷ ಕಾಲುಗಳು ಅವನನ್ನು ಕೇಳದೆಯೇ ಎದ್ದು ನಿಲ್ಲುತ್ತಿದ್ದವು. ಹೆಸರಿನಲ್ಲಿ ಹುಲಿ, ಕೈಯಲ್ಲಿ ತಂಬಿಗೆ! ಕಳೆದ ಹಬ್ಬದಲ್ಲಂತೂ ಯಾರೋ ಪಾತ್ರೆ ತೊಳೆಯುವಾಗ ಲೋಟಕ್ಕೆ ಲೋಟ ತಾಗಿ ಟಿಣ್ ಅಂದದ್ದಕ್ಕೂ ಎದ್ದು ನಿಂತುಬಿಟ್ಟಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ಆ ಉಂಗುರ ಕದಿಯಬೇಕು ಎಂದು ತೀರ್ಮಾನಿಸಿದ್ದು ಹಾಗೆ ನಗುತ್ತಿರುವಾಗಲೇ.

ವಿರೇಶ ಬೇರೆ ಯಾರೋ ಅಲ್ಲ, ಅವನ ಷಡ್ಕ. ವಿರೇಶನ ಹೆಂಡತಿ ರೂಪಾ ಅಕ್ಕ, ಹುಲಿಗೇಶನ ಹೆಂಡತಿ ಭಾಗ್ಯ ತಂಗಿ. ಉಂಗುರ ಮಾವ ಹಿರಿಯ ಅಳಿಯನಿಗೆ ತೊಡಿಸಿದ್ದು. ಕಿರಿಯವಳ ಮದುವೆಯ ಹೊತ್ತಿಗೆ ಅತ್ತೆ ಮಾವ ಇಬ್ಬರೂ ಉಳಿದಿರಲಿಲ್ಲ, ವಿರೇಶನೇ ನಿಂತು ಧಾರೆ ಎರೆದಿದ್ದ. ಹೀಗಾಗಿ ಲಿಂಗಸುಗೂರಿನ ಆ ಮನೆಯೇ ಭಾಗ್ಯಳ ತವರು. ಅದು ಮುಚ್ಚಿದರೆ ಅವಳಿಗೆ ಹೋಗಲು ಇನ್ನೊಂದು ಹೊಸ್ತಿಲಿಲ್ಲ. ಇದೆಲ್ಲ ಹುಲಿಗೇಶನಿಗೆ ಚೆನ್ನಾಗಿ ಗೊತ್ತಿತ್ತು. ಸಿಕ್ಕಿಬಿದ್ದರೆ ತಾನೇ ಆ ಮಾತು, ಸಿಕ್ಕಿಬೀಳುವವನು ಯಾರು?

ಮಾರುವ ಆಸೆ ಅವನಿಗಿರಲಿಲ್ಲ. ತಮ್ಮೂರು ಗೊರೇಬಾಳದ ಕಾಲುವೆಯ ಸೇತುವೆ ಮೇಲೆ ನಿಂತು ಅದನ್ನು ನೀರಿಗೆ ಬಿಟ್ಟು, ಒಂದು ಕಪ್ ಚಹಾ ಕುಡಿದು ಮನೆಗೆ ಹೋಗುವುದು, ಅಷ್ಟೇ. ಮೂರು ಕಾಸಿನ ಲಾಭವಿಲ್ಲದ ಕಳ್ಳತನಕ್ಕೆ ಇಷ್ಟು ತಲೆ ಓಡಿಸುವ ಕಳ್ಳ ಇಡೀ ತಾಲೂಕಿನಲ್ಲಿ ತಾನೊಬ್ಬನೇ ಇರಬೇಕು ಎನಿಸಿ ಅವನಿಗೇ ನಗು ಬಂತು. ಆದರೂ ತಲೆ ಓಡಿಸಿದ. ಸಿಂಧನೂರಿನ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಸಾವಿರ ಡಬ್ಬಿಗಳಲ್ಲಿ ಯಾವ ನಟ್ಟು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವವನಿಗೆ ಒಂದು ಉಂಗುರ ಯಾವ ಲೆಕ್ಕ.

ಸುಮ್ಮನೆ ಷಡ್ಕನ ಮನೆಗೆ ಹೋದರೆ ಅನುಮಾನ. ಅದಕ್ಕೇ ಹೆಂಡತಿಗೆ ಎರಡು ದಿನದ ತಿರುಗಾಟ ಎಂದು ಘೋಷಿಸಿದ. ಶನಿವಾರ ಸಿಂಧನೂರಿನಲ್ಲಿ ಸಿನಿಮಾ, ಭಾನುವಾರ ಮಸ್ಕಿಯ ಗುಡ್ಡ, ಲಿಂಗಸುಗೂರಿನಲ್ಲಿ ಅಕ್ಕನ ಮನೆ ಊಟ, ಬರುವಾಗ ಮತ್ತೆ ಮಸ್ಕಿಯಲ್ಲಿ ಮಿರ್ಚಿ ಬಜ್ಜಿ. ಭಾಗ್ಯ ಅವನ ಹಣೆ ಮುಟ್ಟಿ ನೋಡಿದಳು.

“ಜ್ವರ ಗಿರ ಬಂದಾವೇನ್ರೀ?”

ಶನಿವಾರ ಅವಳು ಮದುವೆಯ ಮರುವಾರ ಉಟ್ಟಿದ್ದ ಹಸಿರು ಸೀರೆ ಉಟ್ಟಳು. ಸಿನಿಮಾದಲ್ಲಿ ನಾಯಕ ಹೊಡೆದಾಗಲೆಲ್ಲ ಗಂಡನ ಮೊಣಕೈ ಹಿಡಿದು ಹಿಂಡಿದಳು. ಹೊರಗೆ ಬಂದು ಮಂಡಕ್ಕಿ ಒಗ್ಗರಣಿ ತಿಂದರು, ಒಂದೇ ಗ್ಲಾಸಿಗೆ ಎರಡು ಚಮಚ ಹಾಕಿಸಿ ಐಸ್‌ಕ್ರೀಮ್ ತಿಂದರು. ಸಿನಿಮಾ ಟಿಕೆಟನ್ನು ಅಂಗೈ ಮೇಲಿಟ್ಟು ಫೋಟೊ ಹೊಡೆದು ಅವಳು ಸ್ಟೇಟಸ್ಸಿಗೆ ಹಾಕಿದಳು. ಎಚ್ ಹನ್ನೊಂದು, ಎಚ್ ಹನ್ನೆರಡು. ಐದು ನಿಮಿಷಕ್ಕೆ ರೂಪಾಳ ಉತ್ತರ ಬಂತು, ‘ಮಜಾ ಮಾಡವ್ವಾ.’

“ಒಗದು ಗಿಗದೀರಿ ಮತ್ತ,” ಎಂದು ಟಿಕೆಟನ್ನು ಅವನ ಕಿಸೆಗೆ ಹಾಕಿದಳು. “ಆರು ವರ್ಷಕ್ಕ ಮೊದಲ್ನೇ ಸಿನಿಮಾ. ದೇವರ ಫೋಟೊ ಹಿಂದ ಇಡತೀನಿ.”

ಹುಲಿಗೇಶನ ಎದೆಯಲ್ಲಿ ಏನೋ ಚುಳ್ಳೆಂದಿತು. ಇಷ್ಟು ಸಣ್ಣದಕ್ಕೆ ಇಷ್ಟು ಹಿಗ್ಗುವವಳನ್ನು ಆರು ವರ್ಷ ಎಲ್ಲಿಗೂ ಕರೆದುಕೊಂಡು ಹೋಗದವನು, ಈಗ ಕರೆದುಕೊಂಡು ಬಂದದ್ದೂ ಕಳ್ಳತನದ ಮರೆಗೆ. ಥೂ ನಿನ್ನ, ಎಂದುಕೊಂಡ. ಆದರೆ ಮರುದಿನ ಮಸ್ಕಿಯ ಗುಡ್ಡದ ಮೆಟ್ಟಿಲು ಹತ್ತುವಾಗ ಅವಳ ಫೋನಿಗೆ ವಿರೇಶ ಕರೆ ಮಾಡಿ, “ನಿನ್ನ ಗಂಡಗ ಲಗೂ ಬಾ ಅನ್ನು, ನೀರು ಕೊಡೋರು ಯಾರೂ ಇಲ್ಲ ಇಲ್ಲಿ,” ಎಂದು ಹಹ್ಹಾ ಎಂದ. ಎದೆಯ ಚಳುಕು ಅಲ್ಲಿಗೆ ಮಾಯವಾಯಿತು.

ಯೋಜನೆಯಲ್ಲಿ ಕಷ್ಟದ ಭಾಗ ಕದಿಯುವುದಲ್ಲ. ಭಾನುವಾರ ಮಟನ್ನಿಗೆ ಮಸಾಲೆ ಹಚ್ಚುವುದು ವಿರೇಶನದೇ ಕೆಲಸ. ಆಗ ಉಂಗುರ ತೆಗೆದು ಕನ್ನಡಿಯ ಮುಂದಿನ ಗೂಡಿನಲ್ಲಿಟ್ಟು, ಹಾಗೇ ಸ್ನಾನಕ್ಕೆ ಹೋಗುತ್ತಾನೆ. ಕಷ್ಟ ಇರುವುದು ಮನೆಯಿಂದ ಹೊರಗೆ ಸಾಗಿಸುವುದರಲ್ಲಿ. ಉಂಗುರ ಕಾಣದಿದ್ದರೆ ವಿರೇಶ ನಗುನಗುತ್ತಲೇ ಎಲ್ಲರ ಕಿಸೆ ತಡಕುವ ಆಸಾಮಿ. ಆದರೆ ಯಾವ ಗಂಡಸೂ ಕೈ ಹಾಕದ ಜಾಗ ಒಂದಿದೆ, ತವರಿಂದ ಹೊರಟ ಹೆಣ್ಣಿನ ಉಡಿ. ರೂಪಾ ತಂಗಿಯನ್ನು ಉಡಿ ತುಂಬದೆ ಎಂದೂ ಕಳಿಸಿದವಳಲ್ಲ. ಅಡುಗೆಗೆ ಮುಂಚೆಯೇ ತಟ್ಟೆಯಲ್ಲಿ ಅಕ್ಕಿ, ಕುಪ್ಪಸದ ಖಣ, ಅರಿಶಿಣ ಬೇರು, ಬೆಲ್ಲ ತುಂಬಿದ ಎರಡು ಕೊಬ್ಬರಿ ಬಟ್ಟಲು ಜೋಡಿಸಿ ದೇವರ ಮುಂದೆ ಇಟ್ಟಿರುತ್ತಾಳೆ. ಇದು ಹೊಳೆದ ದಿನ ಹುಲಿಗೇಶ ಅಂಗಡಿಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದ್ದ.

ಎಲ್ಲ ಅಂದುಕೊಂಡಂತೆಯೇ ನಡೆಯಿತು. ಬಚ್ಚಲಲ್ಲಿ ನೀರಿನ ಸದ್ದು, ಅಡುಗೆಮನೆಯಲ್ಲಿ ಅಕ್ಕತಂಗಿಯರ ನಗು. ಉಂಗುರ ಕೈಗೆ ಬಂತು. ಎರಡು ಬಟ್ಟಲುಗಳಲ್ಲಿ ದೊಡ್ಡದನ್ನು, ಆಳವಾದದ್ದನ್ನು ಆರಿಸಿ ಬೆಲ್ಲ ಎಬ್ಬಿಸಿದ. ಒಳಗಿಟ್ಟು ಅಲುಗಿಸಿದರೆ ಕಟಕಟ ಎಂದಿತು. ಸತ್ತರೂ ಸುಮ್ಮನಿರುವುದಿಲ್ಲ ಇದು, ಎಂದು ಬೈದು, ಕಿಸೆಯಲ್ಲಿ ಸಿಕ್ಕ ಕಾಗದದಲ್ಲಿ ಬಿಗಿಯಾಗಿ ಸುತ್ತಿ ಇಟ್ಟು, ಮೇಲೆ ಬೆಲ್ಲ ಒತ್ತಿದ. ನಿನ್ನೆ ರಾತ್ರಿ ಹೆಂಡತಿಗೆ ಕೊಡಲು ಮರೆತಿದ್ದ ಸಿನಿಮಾದ ಟಿಕೆಟ್ ಅದು. ಸಂಜೆ ಮನೆಯಲ್ಲಿ ಬಿಡಿಸಿ, ಇಸ್ತ್ರಿ ಮಾಡಿಯಾದರೂ ದೇವರ ಫೋಟೊ ಹಿಂದೆ ಇಟ್ಟರಾಯಿತು.

ಊಟಕ್ಕೆ ಕೂತಾಗ ವಿರೇಶನ ಕೈ ಲೋಟದ ಕಡೆ ಹೋಗಿ, ಬರೀ ಬೆರಳು ಸದ್ದಿಲ್ಲದೆ ತಾಗಿತು. ಆ ಸದ್ದಿಲ್ಲದ ಕ್ಷಣಕ್ಕೆ ಹುಲಿಗೇಶ ಆರು ವರ್ಷ ಕಾದಿದ್ದ. ಆಮೇಲೆ ಮನೆ ಅಡಿಮೇಲಾಯಿತು. ಹಾಸಿಗೆ ಕೊಡವಿದರು, ಬಚ್ಚಲ ಮೋರಿಗೆ ಕಡ್ಡಿ ಹಾಕಿದರು.

“ಲೇ ಹುಲಿಗೇಶ, ಎಲ್ಲಿ ನಿನ್ನ ಕಿಸೆ ತೋರ್ಸು,” ಎಂದ ವಿರೇಶ. ನಗುತ್ತಲೇ ಅಂದ, ಆದರೆ ಕಣ್ಣು ನಗಲಿಲ್ಲ.

ಹುಲಿಗೇಶ ದೊಡ್ಡ ಮನಸ್ಸಿನಿಂದ ಎಲ್ಲ ಕಿಸೆ ಹೊರಗೆಳೆದ. ಬಾಚಣಿಕೆ, ಕರ್ಚೀಫು, ಬೈಕಿನ ಕೀಲಿ. “ಮೋರ್ಯಾಗ ಹೋಗೇತಿ ಬಿಡ್ರಿ ಅಣ್ಣಾ,” ಎಂದು ಸಮಾಧಾನವನ್ನೂ ಹೇಳಿದ. ಭಾಗ್ಯಳ ಮುಖ ಮಾತ್ರ ಸಣ್ಣದಾಗಿತ್ತು. ತನ್ನ ಗಂಡನ ಕಿಸೆ ನೋಡಿದರಲ್ಲ ಎಂದು ಅವಳ ಕಣ್ಣಲ್ಲಿ ನೀರು.

ರೂಪಾ ತಂಗಿಯ ಗದ್ದ ಹಿಡಿದಳು. “ಉಂಗುರ ಹೋದ್ರ ಹೋಗ್ಲಿ ಬೇ. ನೀ ಬರೇ ಉಡೀಲೆ ಹೋಗಬ್ಯಾಡ.” ಉಡಿ ತುಂಬುವುದು ಹೆಂಗಸರ ಕೆಲಸ. ಹುಲಿಗೇಶ ಎಂದಿನಂತೆ ಹೊರಗೆ ಹೋಗಿ ಬೈಕಿನ ಸೀಟು ಒರೆಸಿದ. ಸಿಳ್ಳೆ ಹಾಕಬೇಕೆನಿಸಿತು, ತಡೆದುಕೊಂಡ. ಭಾಗ್ಯ ಉಡಿಯನ್ನು ಚೀಲಕ್ಕೆ ಹಾಕಿಕೊಂಡು ಬಂದು ಹಿಂದೆ ಕೂತಳು.

ಮಸ್ಕಿ ಮುಟ್ಟುವಾಗ ಬಿಸಿಲು ಇಳಿದಿತ್ತು. ನನ್ನೇಸಾಬನ ಬಂಡಿಯಲ್ಲಿ ಮಿರ್ಚಿ ಕರಿಯುತ್ತಿದ್ದವು. “ಜೋಡಿ ಭಾಳ ಖುಷಿ ಐತಿ ಇವತ್ತ,” ಎಂದು ನನ್ನೇಸಾಬ ಎರಡು ಮಿರ್ಚಿ ಹೆಚ್ಚಿಗೆ ಹಾಕಿದ. ಮುಂದಿನ ತಿಂಗಳೂ ಇವಳನ್ನು ಕರೆದುಕೊಂಡು ಬರಬೇಕು, ಆಗ ಕದಿಯಲು ಏನೂ ಇರುವುದಿಲ್ಲ, ಬರೀ ತಿರುಗಾಟ, ಎಂದುಕೊಂಡ ಹುಲಿಗೇಶ. ನಿಜವಾಗಿ ಅಂದುಕೊಂಡ. ಅವಳ ಕೈ ತೊಳೆಸುವ ನೆಪದಲ್ಲಿ ಚೀಲ ತಾನು ಹಿಡಿದುಕೊಂಡು ಒಳಗೆ ಕೈ ಆಡಿಸಿದ. ಅಕ್ಕಿ, ಖಣ, ಅರಿಶಿಣ ಬೇರು, ಒಂದು ಕೊಬ್ಬರಿ ಬಟ್ಟಲು. ಸಣ್ಣದು. ಮತ್ತೆ ಆಡಿಸಿದ.

“ಇನ್ನೊಂದು ಬಟ್ಟಲ ಎಲ್ಲೈತಿ?” ದನಿ ಅವನದೇ ಅನಿಸಲಿಲ್ಲ. “ಅಯ್ಯ, ಆರು ವರ್ಷಾತು, ಇಷ್ಟೂ ಗೊತ್ತಿಲ್ಲೇನು ನಿಮಗ?” ಎಂದು ಭಾಗ್ಯ ನಕ್ಕಳು. “ತವರಿನ ಉಡಿ ಪೂರಾ ಹೊತ್ಕೊಂಡು ಹೋಗಬಾರ್ದ್ರೀ, ಆ ಮನಿ ಲಕ್ಷ್ಮಿ ಹಿಂದ ಬಂದುಬಿಡತಾಳ. ಹೊಸ್ತಿಲು ದಾಟೂ ಮುಂಚೆ ಒಂದು ಹಿಡಿ ಅಕ್ಕಿ, ಒಂದು ಬಟ್ಟಲ ವಾಪಸ್ ದೇವರ ಮುಂದ ಇಟ್ಟು ಬರತೀನಿ ನಾ, ಪ್ರತಿ ಸಲ. ದೊಡ್ಡದ ಇಟ್ಟೀನಿ ಅಕ್ಕಗ.” ಅಷ್ಟರಲ್ಲಿ ಅವಳ ಫೋನು ಮಿಣುಕಿತು. “ಉಂಗುರ ಸಿಕ್ಕೇತ್ರೀ! ಅಕ್ಕ ಫೋಟೊ ಕಳಿಸ್ಯಾಳ!” ಎಂದು ಹಿಗ್ಗಿ, ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿದಳು. ಮಾಡಿದವಳು ಹಾಗೇ ನೋಡುತ್ತ ನಿಂತಳು. ಕೆಂಪು ಹರಳಿನ ಪಕ್ಕದಲ್ಲಿ ಬೆಲ್ಲ ಮೆತ್ತಿದ ಒಂದು ಕಾಗದ ಬಿಡಿಸಿಟ್ಟಿತ್ತು. ಚಿತ್ರದ ಕೆಳಗೆ ಅಕ್ಕ ಒಂದಕ್ಷರವನ್ನೂ ಬರೆದಿರಲಿಲ್ಲ. ಭಾಗ್ಯ ಮಿರ್ಚಿಯ ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿ, ಗಂಡನ ಮುಂದೆ ಅಂಗೈ ಚಾಚಿದಳು. “ನಮ್ಮ ಟಿಕೆಟ್ ಕೊಡ್ರಿ ಇಲ್ಲಿ.”