ಪಕ್ಕದ ಸೀಟಿನ ಬೆಲ್ಟು

ಆ ಕಾರನ್ನು ಡೆಲೋರಿಸ್ ಎಂಬ ಮುದುಕಿ ಮಾರಾಟದ ಚೀಟಿ ಅಂಟಿಸಿ ಮನೆ ಮುಂದೆ ನಿಲ್ಲಿಸಿದ್ದಳು. ತಯಾರಿಸಿದ ಕಂಪನಿ ಬಾಗಿಲು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆ ಪುಟ್ಟ ವ್ಯಾಗನ್ ಕಾರು ಮಾತ್ರ ಗಟ್ಟಿಮುಟ್ಟಾಗಿತ್ತು. ದುಡ್ಡು ಎಣಿಸಿಕೊಂಡು ನನಗೆ ಕೀಲಿ ಕೊಡುವ ಮೊದಲು ಅವಳು ಒಳಗೆ ಬಗ್ಗಿ, ಪಕ್ಕದ ಖಾಲಿ ಸೀಟಿಗೆ ಬೆಲ್ಟು ಹಾಕಿದಳು.

“ಇದನ್ನ ಬಿಚ್ಚಬೇಡಪ್ಪ. ಬಿಚ್ಚಿದ್ರೆ ಕೂಗ್ತಾನೇ ಇರುತ್ತೆ.”

ಹಳೇ ಕಾರಿನ ಚಾಳಿ ಎಂದುಕೊಂಡು ನಕ್ಕೆ. ಮನೆಗೆ ಬಂದವನೇ ಬಿಚ್ಚಿದೆ.

ಮಿಷಿಗನ್‌ನ ಚಳಿಗಾಲ. ಬೆಳಿಗ್ಗೆ ಎಂದಿನಂತೆ ಮುಂದಿನ ಗಾಜಿನ ಹಿಮ ಕೆರೆಯಲು ಹೋದೆ. ನನ್ನ ಬದಿಯದು ಸಲೀಸಾಗಿ ಉದುರಿತು. ಪಕ್ಕದ ಸೀಟಿನ ಎದುರಿನದು ಎಷ್ಟು ಕೆರೆದರೂ ಹೋಗಲಿಲ್ಲ. ಅಲ್ಲಿ ಹಿಮ ಒಳಗಿನಿಂದ ಕಟ್ಟಿತ್ತು, ಯಾರೋ ರಾತ್ರಿಯಿಡೀ ಕೂತು ಉಸಿರಾಡಿದ ಹಾಗೆ.

ಮಂಜುಗಡ್ಡೆಯಂತಿದ್ದ ನನ್ನ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಕೊಂಡು ಕೀಲಿ ತಿರುಗಿಸಿದೆ. ಸೀಟಿನಲ್ಲಿ ಕೂತವರು ಬೆಲ್ಟು ಹಾಕದಿದ್ದರೆ ಬಡಿಯುವ ಗಂಟೆ ಟಿಣ್ ಟಿಣ್ ಎಂದು ಶುರುವಾಯಿತು. ಅಷ್ಟರಲ್ಲಿ ನನ್ನ ಹೆಂಡತಿ ನೊರೀನ್ ಬಂದು ಪಕ್ಕದಲ್ಲಿ ಧೊಪ್ಪನೆ ಕೂತಳು.

“ಅಬ್ಬಾ, ಸೀಟು ಎಷ್ಟು ಬೆಚ್ಚಗಿದೆಯೋ! ಹೀಟರ್ ಇರೋ ಕಾರೇ ತಂದಿದ್ದೀಯಲ್ಲೋ ಜಿಪುಣ!”

ಆ ಕಾರಿನ ಸೀಟಿಗೆ ಹೀಟರ್ ಇಲ್ಲ.

ಅವಳು ಬೆಲ್ಟು ಎಳೆದು ಹಾಕಿಕೊಂಡಳು. ಗಂಟೆ ನಿಲ್ಲಲಿಲ್ಲ.