ಬಾಯಿ ಮುಚ್ಚಿಕೊಂಡು ಕೂತ ಮದುಮಗ

"ಅಭಿನಂದನೆಗಳು... ನಿಮ್ಮ ಹುಡುಗಿ ತುಂಬಾ ಚೆಂದ ಇದ್ದಾಳೆ."

ಜಲಜಾ ಹೀಗೆಂದಾಗ ಎದುರಿಗಿದ್ದ ಯುವಕ ಪಿಳಿಪಿಳಿ ಕಣ್ಣು ಬಿಟ್ಟ. ಆಮೇಲೆ ಡೇಲಿ ಸಿಟಿಯ ಆ ಚರ್ಚ್ ಹಾಲೇ ತಿರುಗಿ ನೋಡುವಂತೆ ನಕ್ಕ.

ಅವಳ ತಪ್ಪಾದರೂ ಏನು? ಅದು ೧೯೮೪. ಧಾರವಾಡದಿಂದ ಅಮೆರಿಕದ ಬರ್ಕ್ಲಿಗೆ ಜಾನಪದ ಓದಲು ಬಂದವಳು. ಫಿಲಿಪೀನ್ಸ್‌ನ ಇಲೊಕಾನೊ ಜನರ ನಿಶ್ಚಿತಾರ್ಥದಲ್ಲಿ 'ದಲ್ಲೋಟ್' ಹಾಡುತ್ತಾರೆಂದು ಕೇಳಿ ಟೇಪ್ ರೆಕಾರ್ಡರ್ ಹೊತ್ತು ಬಂದಿದ್ದಳು. ಗಂಡಿನ ಕಡೆಯಿಂದ ಒಂದು ಪದ್ಯ, ಹೆಣ್ಣಿನ ಕಡೆಯಿಂದ ಉತ್ತರ, ಎಲ್ಲವೂ ಆ ಗಳಿಗೆಯಲ್ಲೇ ಕಟ್ಟಿದ್ದು. ಮದುಮಗಳ ಎದುರು ನಿಂತು ಕಣ್ಣು ಮುಚ್ಚಿ ಹಾಡಿದವನನ್ನು ಯಾರಾದರೂ ಮದುಮಗನೆಂದೇ ತಿಳಿಯುತ್ತಿದ್ದರು.

"ಮದುಮಗ ಅಲ್ಲಿದ್ದಾನೆ," ಅವನು ಮೂಲೆಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದವನನ್ನು ತೋರಿಸಿದ. "ನಮ್ಮಲ್ಲಿ ತನ್ನ ಮದುವೆಗೆ ತಾನೇ ಹಾಡೋ ಹಾಗಿಲ್ಲ. ಬಾಯಿ ಮುಚ್ಚಿಕೊಂಡು ಕೂತವನೇ ಮದುಮಗ. ನಾನು ಬರೀ ಬಾಡಿಗೆ ಗಂಟಲು. ಹೆಸರು ಲೂಸಿಯೊ."

ಜಲಜಾಳ ಕಿವಿ ಬಿಸಿಯಾಯಿತು. ಆದರೂ ಕುತೂಹಲ ಬಿಡಬೇಕಲ್ಲ... ಹೆಣ್ಣಿನ ಕಡೆಯಿಂದ ಉತ್ತರವೇ ಬಾರದಿದ್ದರೆ ಎಂದು ಕೇಳಿಯೇ ಬಿಟ್ಟಳು.

"ಊಟ ಮಾಡಿ ಮನೆಗೆ ಹೋಗ್ತೀವಿ. ಯಾರೂ ಯಾರನ್ನೂ ಬೈಯೋದಿಲ್ಲ."

ಲೂಸಿಯೊ ಹಗಲು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಶನಿವಾರ ಬರ್ಕ್ಲಿಗೆ ಬಂದು ಅವಳ ಕ್ಯಾಸೆಟ್ಟುಗಳಿಗೆ ಅರ್ಥ ಹೇಳುತ್ತಿದ್ದ. ಅವನ ತಾಯಿ ಫಿಲಿಪೀನ್ಸ್‌ನದೇ ಬಿಕೋಲ್ ಸೀಮೆಯವರು. ಆ ಸೀಮೆಯವರು ಗ್ಲಾಸು ಎತ್ತಿದರೆ ಒಂದು ಪದ್ಯ ಹೇಳಿಯೇ ಕುಡಿಯುವುದು, ಅದಕ್ಕೆ ತಿಗ್ಸಿಕ್ ಎಂದು ಹೆಸರು. ಆಯಮ್ಮನಂತೂ ಪದ್ಯ ಕಟ್ಟಲು ಮೀನಿನ ಸಾರನ್ನೂ ಬಿಡಲಿಲ್ಲ, ಜಲಜಾಳ ಜಡೆಯನ್ನೂ ಬಿಡಲಿಲ್ಲ.

ಜಲಜಾ ಅದಕ್ಕೆ ಪ್ರತಿಯಾಗಿ ಕೊಟ್ಟದ್ದು ಒಡಪಿನ ಕಥೆ. ಅವಳ ಅಜ್ಜಿ ಅಂಬವ್ವ ಗಂಡನ ಹೆಸರನ್ನು ಬಾಯಿ ತಪ್ಪಿಯೂ ಆಡಿದವಳಲ್ಲ. ಹಬ್ಬದ ದಿನ ಹೆಂಗಸರೆಲ್ಲ ಸೇರಿ ಕಾಡಿದಾಗ ಮಾತ್ರ ಒಂದು ಪದ್ಯ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳುತ್ತಿದ್ದಳು.

"ಅಂದ್ರೆ ಹೆಣ್ಣೊಬ್ಬಳು ಪದ್ಯದಲ್ಲಿ ಯಾರದಾದ್ರೂ ಹೆಸರು ಹೇಳಿದಳು ಅಂದ್ರೆ..."

"ಅವನು ಅವಳ ಗಂಡ ಅಂತ." ಜಲಜಾ ಕ್ಯಾಸೆಟ್ ತಿರುಗಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

ಎರಡು ವರ್ಷ ಹೀಗೇ ಹೋಯಿತು. ಓದು ಮುಗಿಯಿತು, ಧಾರವಾಡದ ಕಾಲೇಜೊಂದರಲ್ಲಿ ಕೆಲಸವೂ ಸಿಕ್ಕಿತು. ಹೊರಡುವ ದಿನ ಹತ್ತಿರವಾದರೂ ಲೂಸಿಯೊ ತುಟಿ ಬಿಚ್ಚಲಿಲ್ಲ. ಊರವರ ಮದುವೆಗೆಲ್ಲ ಹಾಡುವವನಿಗೆ ತನ್ನದೊಂದು ಮಾತು ಇರಬಾರದೇ? ಜಲಜಾ ಕಾದಳು, ಸಿಟ್ಟಾದಳು, ಒಬ್ಬಳೇ ಕೂತು ಅತ್ತಳು.

ಆಗ ಅವನ ತಾಯಿಯ ಫೋನು ಬಂತು. "ಭಾನುವಾರ ಮನೆಗೆ ಬಾ. ಈ ಸಲ ದಲ್ಲೋಟ್ ನಮ್ಮ ಲೂಸಿಯೊಗೇ. ಟೇಪ್ ರೆಕಾರ್ಡರ್ ಮರೀಬೇಡ."

ಜಲಜಾ ಫೋನು ಕೆಳಗಿಟ್ಟಳು. ಹೋಗಲೇಬಾರದು ಎಂದುಕೊಂಡಳು. ಆದರೆ ಆ ಹುಡುಗಿ ಯಾರು? ಹೇಗಿದ್ದಾಳೆ? ಅದನ್ನು ನೋಡದೆ ಊರಿಗೆ ಹೋದರೆ ಜನ್ಮವಿಡೀ ನಿದ್ದೆ ಬರಲಿಕ್ಕಿಲ್ಲ... ಹತ್ತಿರದ ಎವರ್‌ಗ್ರೀನ್ ಬಡಾವಣೆಯಲ್ಲಿದ್ದ ಅವಳ ಅಣ್ಣ ದೇವೇಂದ್ರಪ್ಪ ಕಾರಿನಲ್ಲಿ ಕರೆತಂದ.

ಲೂಸಿಯೊ ಕಸೂತಿಯ ಅಂಗಿ ತೊಟ್ಟು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಬಾ ಎನ್ನಲೂ ಇಲ್ಲ. ಬಾಯಿ ಮುಚ್ಚಿಕೊಂಡು ಕೂತವನೇ ಮದುಮಗ... ನಿಜವೇ ಹಾಗಾದರೆ. ಅವಳು ರೆಕಾರ್ಡರಿನ ಗುಂಡಿ ಒತ್ತಿದಳು. ಸುತ್ತ ಕಣ್ಣಾಡಿಸಿದರೆ ಎಲ್ಲರೂ ಅಜ್ಜಿಯರು, ಅತ್ತೆಯರು. ಮದುಮಗಳು ಎಲ್ಲಿ?

ಲೂಸಿಯೊನ ದೊಡ್ಡಪ್ಪ ಸಿಮಿಯೋನ್ ಎದ್ದು ಹಾಡತೊಡಗಿದರು. ಎಲ್ಲರನ್ನೂ ದಾಟಿ ಬಂದು ಜಲಜಾಳ ಎದುರು ನಿಂತರು. ದಾರಿಗೆ ಅಡ್ಡವಾದೆನೆಂದು ಅವಳು ಪಕ್ಕಕ್ಕೆ ಸರಿದಳು. ಅವರೂ ಸರಿದರು.

ಹಾಡು ತಿಳಿಯುವಷ್ಟು ಇಲೊಕಾನೊ ಈಗ ಅವಳಿಗೆ ಬರುತ್ತಿತ್ತು. ದೂರದ ಊರಿನ ಹುಡುಗಿಯೇ, ನಮ್ಮೆಲ್ಲರ ದನಿ ಹೊತ್ತುಕೊಂಡು ಹೊರಟಿದ್ದೀಯ, ಈ ಮೂಕನನ್ನು ಯಾರ ಕೈಗೆ ಕೊಟ್ಟು ಹೋಗುತ್ತೀಯ ಎಂದು ಮುದುಕರು ಕೇಳುತ್ತಿದ್ದರು.

ಅವಳು ಬೆಚ್ಚಿ ಲೂಸಿಯೊನ ತಾಯಿಯ ಕಡೆ ನೋಡಿದಳು. ಮೊದಲೇ ಹೇಳಿದ್ದರೆ ನೀನು ಬರುತ್ತಿದ್ದೆಯಾ ಎಂದು ಆಯಮ್ಮ ಮೆಲ್ಲಗೆ ಕೇಳಿದರು.

ಹೆಣ್ಣಿನ ಕಡೆಯಿಂದ ಯಾರು ಹಾಡುತ್ತಾರೆ? ಎಲ್ಲರ ಕಣ್ಣೂ ತಟ್ಟೆ ಹಿಡಿದು ನಿಂತ ದೇವೇಂದ್ರಪ್ಪನ ಮೇಲೆ. ತಂಗಿ ಕಿವಿಯಲ್ಲಿ ವಿಷಯ ಹೇಳಿದಾಗ ಅವನು ತಟ್ಟೆ ಕೆಳಗಿಟ್ಟು ಲೂಸಿಯೊನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ನನಗ ಹಾಡಾಕ ಬರಂಗಿಲ್ಲವ್ವ. ನಿನಗ ಬೇಕಿದ್ರ ನೀನ ಹೇಳು. ಬ್ಯಾಡಾಗಿದ್ರ ಊಟಾ ಮಾಡಿ ಮನಿಗೆ ಹೋಗೂಣು."

ಕಿಟಕಿಯಾಚೆ ಮಂಜು ಗುಡ್ಡದ ಮೇಲೆ ಇಳಿಯುತ್ತಿತ್ತು. ಜಲಜಾ ಸೆರಗು ಸರಿಮಾಡಿಕೊಂಡು ಮುಂದೆ ಬಂದು ನಿಂತಳು. ಅಜ್ಜಿಯ ಧಾಟಿ ತಾನಾಗಿ ಬಂತು.

"ಕಡಲ ಮಂಜು ಬಂದು ಗುಡ್ಡಾ ಮುಚ್ಚೇತಿ,
ಲೂಸಿಯೊ ರಾಯರ ಮೌನ ನನ್ನ ಬಾಯಿ ಬಿಚ್ಚೇತಿ."

ಆ ಮನೆಯಲ್ಲಿ ಅದು ಪೂರ್ತಿ ಅರ್ಥವಾದದ್ದು ದೇವೇಂದ್ರಪ್ಪನೊಬ್ಬನಿಗೆ. ಅವನು ಬೇರೆ ಕಡೆ ತಿರುಗಿ ಕಣ್ಣು ಒರೆಸಿಕೊಂಡ.

ಲೂಸಿಯೊ ಎದ್ದು ಬಂದ. "ನನಗೆ ಒಂದೇ ಪದ ತಿಳೀತು, ಜಲಜಾ."

"ಅಷ್ಟು ಸಾಕು. ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀನು ಹೊರಟವಳು. ನಾನೇ ಕೇಳಿದ್ರೆ ನಿನಗೆ ಭಾರ ಆಗ್ತಿತ್ತು. ಅದಕ್ಕೇ ಉತ್ತರ ಕೊಡದೆಯೂ ಹೋಗಬಹುದಾದ ರೀತಿಯಲ್ಲಿ ದೊಡ್ಡಪ್ಪನ ಬಾಯಲ್ಲಿ ಕೇಳಿಸಿದೆ." ಅವನು ಇನ್ನೊಂದು ಹೆಜ್ಜೆ ಹತ್ತಿರ ಬಂದ. "ಹಾಗಾದ್ರೆ ಇನ್ನು ಮೇಲೆ ನನ್ನ ಹೆಸರು ಹಿಡಿದು ಕರೆಯೋದೇ ಇಲ್ವಾ?"

"ಇಲ್ಲ."

"ಮತ್ತೆ ಹೇಗೆ ಕರೀತೀಯ?"

"ರೀ..."

ಅವನು ಹೊಸ ಪದ ಕಲಿಯುವವನಂತೆ ತಾನೂ "ರೀ" ಎಂದ. ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ನೀವು ಅದನ್ನ ಅನ್ನಬಾರದು. ಏನು ಅಂತ ಕೇಳಬೇಕು."

"ಏನು?"

"ಏನಿಲ್ಲ... ಸುಮ್ಮನೆ ಕರೆದೆ."