ಸೂನ್ ಅನ್ನುವುದು ತಾರೀಖಲ್ಲ

"ವೆನ್ ವಿಲ್ ಯು ಕಮ್ ಅಗೇನ್?"

ಸಂಜೆಯ ಇಂಗ್ಲಿಷ್ ಕ್ಲಾಸಿನಲ್ಲಿ ತನುಜ ಕೇಳಿದ ಪ್ರಶ್ನೆಗೆ ಹಿಂದಿನ ಬೆಂಚಿನಿಂದ ರೇಷ್ಮೆ ಬೆಳೆಗಾರ ಸುನೀಲ್‌ಕುಮಾರ್ ಎದ್ದ. ಪಿಯುಸಿ ಮಕ್ಕಳ ಆ ಬೆಂಚಿನಲ್ಲಿ ಅವನ ಮೊಣಕಾಲು ಹಿಡಿಸುತ್ತಿರಲಿಲ್ಲ. "ಆಫ್ಟರ್ ಫೋರ್ತ್ ಜ್ವರ, ಮೇಡಂ."

ಹುಡುಗಿಯರು ಕಿಸಕ್ಕೆಂದರು. ಶಿಡ್ಲಘಟ್ಟದಲ್ಲಿ ಹುಟ್ಟಿದ ತನುಜಳಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ರೇಷ್ಮೆಹುಳ ನಾಲ್ಕು ಸಲ ಪೊರೆ ಕಳಚುತ್ತದೆ, ಒಂದೊಂದು ಸಲಕ್ಕೂ ಜ್ವರ ಎನ್ನುತ್ತಾರೆ. ಅವಳ ತಾಯಿ ಮುನಿಶಾಮಮ್ಮ ಕುದಿನೀರಲ್ಲಿ ಕೈ ಬೇಯಿಸಿಕೊಂಡು ಗೂಡಿನ ನೂಲು ಬಿಚ್ಚಿಯೇ ಮಗಳನ್ನು ಎಂ.ಎ. ಓದಿಸಿದ್ದಳು.

"ಹುಳಕ್ಕೆ ಕ್ಯಾಲೆಂಡರ್ ಇಲ್ಲ, ಸರಿ. ನಿಮಗೂ ಇಲ್ವಾ?"

"ಹುಳ ಮಾತು ತಪ್ಪಲ್ಲ ಮೇಡಂ."

"ಹಂಗಾದ್ರೆ ಹುಳದ ಹತ್ರಾನೇ ಇಂಗ್ಲಿಷ್ ಕಲ್ತ್ಕೊಳ್ಳಿ. ಇಲ್ಲಿಗ್ಯಾಕೆ ಬಂದ್ರಿ?"

ಕ್ಲಾಸ್ ಮುಗಿದ ಮೇಲೆ, ಅವಳು ಬೋರ್ಡ್ ಒರೆಸುತ್ತಿದ್ದಾಗ, ಬಾಗಿಲಲ್ಲಿ ನಿಂತು ಉತ್ತರ ಕೊಟ್ಟ. "ಹುಳ ಸಿಟ್ಟು ಮಾಡ್ಕೊಳ್ಳಲ್ಲ. ನಿಮ್ಮಂಗೆ ಮೂಗು ಕೆಂಪಗಾಗಲ್ಲ."

ತನುಜ ಚಾಕ್‌ಪೀಸ್ ಎಸೆದಳು. ಅವನು ಗಪ್ಪನೆ ಹಿಡಿದು ಜೇಬಿಗೆ ಹಾಕಿಕೊಂಡು, ಕಣ್ಣಲ್ಲೇ ನಕ್ಕು ಹೋದ. ಅವತ್ತು ಅವಳು ಅದೇ ಬೋರ್ಡನ್ನು ಎರಡು ಸಲ ಒರೆಸಿದಳು.

ಗೂಡಿನ ಹರಾಜಿನ ಮೆಸೇಜುಗಳು ಮೊಬೈಲಿಗೆ ಇಂಗ್ಲಿಷಿನಲ್ಲಿ ಬರುತ್ತವೆ, ಓದಲು ಗೊತ್ತಾಗಲಿ ಎಂದು ಸೇರಿದವನು ಅವನು. ಯೆಸ್ಟರ್‌ಡೇ, ಟುಮಾರೋ, ಡೇ ಆಫ್ಟರ್ ಟುಮಾರೋ, ಎಲ್ಲವನ್ನೂ ಬೇಗ ಕಲಿತ. ಪ್ರೀತಿಯನ್ನೂ ಅದರಲ್ಲೇ ಹೇಳಿದ. "ಯೆಸ್ಟರ್‌ಡೇ ನಿಮ್ಮನ್ನ ನೆನೆಸ್ಕೊಂಡೆ. ಟುಡೇನೂ. ಟುಮಾರೋ ಬೇರೆ ಕೆಲಸ ಇಲ್ಲ."

"ಸೆಂಟೆನ್ಸ್ ತಪ್ಪು," ಎಂದಳು ತನುಜ. ಮೂಗು ಕೆಂಪಗಾಗಿತ್ತು, ಸಿಟ್ಟಿಗಲ್ಲ.

ಅವನ ಬಾಯಿಗೆ ಗಟ್ಟಿಯಾಗಿ ಅಂಟಿಕೊಂಡ ಪದಗಳು ಮಾತ್ರ ಎರಡೇ.

"ನಿಮ್ಮಮ್ಮಂಗೆ ನನ್ನ ವಿಷ್ಯ ಯಾವಾಗ ಹೇಳ್ತೀರಿ?"

"ಸೂನ್."

"ರಿಜಿಸ್ಟರ್ ಆಫೀಸಲ್ಲಿ ನೋಟಿಸ್ ಹಾಕಿ ಆಯ್ತಲ್ರೀ! ಇನ್ನೂ ಹೇಳಿಲ್ವಾ?"

"ಲೇಟರ್ ಹೇಳ್ತೀನಿ ತನು."

"ಸೂನ್ ಅನ್ನೋದು ತಾರೀಖಲ್ಲ ಸುನೀಲ್. ನಮ್ಮ ಕೇರಿಯೋರು ನಿಮ್ಮಂಥೋರ ಬಾಯಲ್ಲಿ ಲೇಟರ್ ಕೇಳಿ ಕೇಳಿ ಸಾಕಾಗಿದಾರೆ. ನಂಗೆ ದಿನ ಬೇಕು, ವಾರ ಬೇಕು, ಟೈಮ್ ಬೇಕು."

ಅವನು ತಲೆ ತಗ್ಗಿಸಿ ಬೆರಳು ಮಡಚಿ ಲೆಕ್ಕ ಹಾಕಿದ. "ಗುರುವಾರ. ಹುಳ ಹಣ್ಣಾಗಿ ಗೂಡು ಕಟ್ಟೋದು ಶನಿವಾರ. ಗುರುವಾರ ಬಿಡುವಿರುತ್ತೆ. ಮದುವೆ ಆಗಿ ಬಂದೇ ಹೇಳಣ."

ಅದೂ ತಪ್ಪಿಸಿಕೊಳ್ಳುವ ಮಾತೇ. ಆದರೂ ಅದರಲ್ಲಿ ಒಂದು ವಾರದ ಹೆಸರಿತ್ತು. ತನುಜ ಒಪ್ಪಿಕೊಂಡಳು.

ಗುರುವಾರ ರಿಜಿಸ್ಟರ್ ಆಫೀಸಿನ ಮುಂದಿನ ಹೊಂಗೆ ಮರದಡಿ ಅವಳು ರೇಷ್ಮೆ ಸೀರೆ ಉಟ್ಟು ನಿಂತಿದ್ದಳು. ಜೀವಮಾನವಿಡೀ ನೂಲು ಬಿಚ್ಚಿದ ಮುನಿಶಾಮಮ್ಮ ಮೊಟ್ಟಮೊದಲು ಕೊಂಡ ರೇಷ್ಮೆ ಸೀರೆ ಅದು. ಹನ್ನೊಂದಾಯಿತು, ಹನ್ನೆರಡಾಯಿತು. ಸುನೀಲನ ಫೋನ್ ರಿಂಗಾಗುತ್ತಿತ್ತು, ಎತ್ತುವವರಿರಲಿಲ್ಲ. ಸಾಕ್ಷಿಗೆ ಬಂದಿದ್ದ ಗೆಳತಿ ಕಲ್ಯಾಣಿ ಬೇರೆಲ್ಲೋ ನೋಡುತ್ತಾ ನಿಂತಳು.

"ಮನೆಗೆ ಹೋಗಣ ನಡೀಯಮ್ಮ," ಎಂದಳು ಜೊತೆಗೆ ಬಂದಿದ್ದ ಮುನಿಶಾಮಮ್ಮ ಮೆಲ್ಲಗೆ.

"ನೀನಿಲ್ಲೇ ಕೂತ್ಕೊ. ಆಗಲ್ಲ ಅಂದ್ರೆ ನನ್ನ ಮುಖ ನೋಡಿ ಹೇಳ್ಲಿ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸ್ಕೂಟರ್ ಹತ್ತಿದಳು. ಅವನ ಹಳ್ಳಿ ಮುಟ್ಟುವವರೆಗೂ ಬೈಗುಳ ಹೊಂದಿಸಿಕೊಂಡೇ ಹೋದಳು.

ಹಿಪ್ಪುನೇರಳೆ ತೋಟದ ನಡುವೆ ಹುಳದ ಮನೆ. ಬಾಗಿಲು ತೆರೆದಿತ್ತು. ಒಳಗೆ ಸುನೀಲ್ ಒಬ್ಬನೇ ಬೆವರಿನಲ್ಲಿ ತೊಯ್ದು ಹುಳ ಆರಿಸುತ್ತಿದ್ದ. ತಟ್ಟೆ ತಟ್ಟೆಯಲ್ಲೂ ಹುಳಗಳು ಹಳದಿ ತಿರುಗಿ, ತಲೆಯೆತ್ತಿ, ನೂಲು ಬಿಡಲು ಜಾಗ ಹುಡುಕುತ್ತಿದ್ದವು. ಈಗಲೇ ಎತ್ತಿ, ಗೂಡು ಕಟ್ಟಲೆಂದು ಇಡುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ಮೇಲೆಯೇ ಸುತ್ತಿಕೊಂಡು ಬೆಳೆಯೆಲ್ಲ ಹಾಳು.

ಅವಳನ್ನು ಕಂಡು ಅವನ ಕೈ ನಿಂತಿತು.

"ಶನಿವಾರ ಅಂದಿದ್ರಿ!"

"ಹೋದ ಬೆಳೆ ಚಳಿಗಾಲದ್ದು ತನು. ಅದೇ ಲೆಕ್ಕ ಹಾಕ್ದೆ. ಈ ಸೆಕೆಗೆ ಮೊದಲೇ ಹಣ್ಣಾಗೋಯ್ತು. ಅಮಾವಾಸ್ಯೆ ಅಂತ ಆಳುಗಳೂ ಬರ್ಲಿಲ್ಲ."

"ಫೋನಿಗೇನಾಗಿತ್ತು?"

"ಎತ್ತಿ ಏನಂತ ಹೇಳ್ಲಿ? ಮತ್ತೆ ಲೇಟರ್ ಅಂತಾನಾ? ನಾಲಿಗೆ ಹೊರಳ್ಲಿಲ್ಲ."

ತನುಜ ಹೊಂದಿಸಿಕೊಂಡು ಬಂದ ಬೈಗುಳವನ್ನೆಲ್ಲ ಪಕ್ಕಕ್ಕಿಟ್ಟು, ತಾನೂ ಹುಳ ಆರಿಸಲು ಹೊರಟಳು. ಚಪ್ಪಲಿ ಬಿಟ್ಟು ಹೊಸ್ತಿಲ ಬಳಿ ಬಂದಳು. ಅಷ್ಟರಲ್ಲಿ ತೋಟದಿಂದ ಬಂದ ಅವನ ತಾಯಿ ಅಕ್ಕಯ್ಯಮ್ಮ ಸುಣ್ಣದ ತಟ್ಟೆ ಹಿಡಿದು ಅಡ್ಡ ನಿಂತಳು. ಹುಳದ ಮನೆಗೆ ಕಾಲಿಡುವವರು ಅಂಗಾಲಿಗೆ ಸುಣ್ಣದ ಪುಡಿ ಹಚ್ಚಿಕೊಂಡೇ ಕಾಲಿಡಬೇಕು. ಆ ತಟ್ಟೆಯನ್ನು ಅವಳು ಕೆಳಗಿಡಲಿಲ್ಲ.

"ಎವರಮ್ಮಾ ನೀನು? ಯಾರ ಮಗಳು?" ಎಂದಳು ತೆಲುಗು ಕನ್ನಡ ಬೆರೆಸಿ.

"ಮುನಿಶಾಮಮ್ಮನ ಮಗಳು. ನೂಲು ಬಿಚ್ತಿದ್ಲಲ್ಲ, ಅವಳ ಮಗಳು."

ಅಕ್ಕಯ್ಯಮ್ಮ ಸೀರೆಯನ್ನು ನೋಡಿದಳು, ಮಗನ ಮುಖವನ್ನು ನೋಡಿದಳು. ಹೇಳದೆಯೇ ಎಲ್ಲ ಗೊತ್ತಾಯಿತು. "ಕೂಲಿಗಾದ್ರೆ ಬಾ. ಬೇರೆ ಯಾವುದಕ್ಕೂ ಈ ಹೊಸ್ತಿಲು ದಾಟ್ಬೇಡ."

"ಕೂಲಿಗಾದ್ರೆ ನಮ್ಮ ಕಾಲು ಆಗುತ್ತೆ, ಸೊಸೆಗಾದ್ರೆ ಆಗಲ್ವಾ? ಬಲೇ ಚೆನ್ನಾಗಿದೆ ನಿಮ್ಮ ಹೊಸ್ತಿಲು!"

"ಬಾಯಿ ನೋಡು ಇವಳದ್ದು!"

"ಅಮ್ಮಾ." ಸುನೀಲ್ ಕೈಯಲ್ಲಿದ್ದ ಹುಳಗಳನ್ನು ಮೆಲ್ಲಗೆ ತಟ್ಟೆಗೆ ಬಿಟ್ಟ. "ಕೂಲಿಗಲ್ಲ. ಇವತ್ತು ನಾವಿಬ್ರೂ ಮದುವೆ ಆಗ್ತೀವಿ."

"ಇವತ್ತಾ? ಅಮಾವಾಸ್ಯೆ ಕಣೋ!"

"ಹುಳ ಅಮಾವಾಸ್ಯೆ ನೋಡ್ಕೊಂಡು ಹಣ್ಣಾಯ್ತಾ?"

"ನಾನು ಬೇಡ ಅಂದ್ರೆ?"

ಅವನು ಹೊಸ್ತಿಲು ದಾಟಿ ಹೊರಗೆ ಬಂದು, ತನುಜಳ ಪಕ್ಕ ಬಿಸಿಲಲ್ಲಿ ನಿಂತುಕೊಂಡ. "ಇವಳು ಆಚೆ ನಿಂತ್ರೆ ನಾನೂ ಆಚೇನೇ. ಬೆಳೆ ಹೋದ್ರೆ ಹೋಗ್ಲಿ."

ಒಳಗೆ ಹುಳಗಳು ತಲೆ ಆಡಿಸುತ್ತಿದ್ದವು. ಒಂದೆರಡು ಆಗಲೇ ಸೊಪ್ಪಿನ ಅಂಚಿಗೆ ನೂಲು ಎಳೆಯತೊಡಗಿದ್ದವು. ಮಗ ಒಳಗೆ ತಿರುಗಿಯೂ ನೋಡಲಿಲ್ಲ. ತನುಜ ಅವನ ಕೈ ಹಿಡಿದಳು. ಆ ಕೈ ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಿತು.

ಅಕ್ಕಯ್ಯಮ್ಮ ಇಬ್ಬರಿಗೂ ಬಾಯಿಗೆ ಬಂದಂತೆ ಬೈದಳು, ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ. ಬೈದು ಮುಗಿಸಿ, ಸುಣ್ಣದ ತಟ್ಟೆಯನ್ನು ತನುಜಳ ಕಾಲ ಬಳಿ ಠಣ್ಣನೆ ಇಟ್ಟಳು.

"ಅಂಗಾಲಿಗೆ ಸರಿಯಾಗಿ ಹಚ್ಕೊ. ಹುಳಕ್ಕೆ ರೋಗ ಬಂದೀತು."

ಅಷ್ಟೇ. ಸೊಸೆ ಎನ್ನಲಿಲ್ಲ, ಬಾ ಎನ್ನಲಿಲ್ಲ. ತನುಜಳಿಗೂ ಅದು ಬೇಕಿರಲಿಲ್ಲ. ಬಿಳಿ ಪಾದಗಳನ್ನು ಎತ್ತಿ ಒಳಗಿಟ್ಟಳು.

ಮೂವರೂ ಹುಳ ಆರಿಸಿದರು. ಒಂದೇ ತಟ್ಟೆಯಲ್ಲಿ ಅವಳ ಬೆರಳಿಗೆ ಅವನ ಬೆರಳು ತಾಗಿದಾಗೆಲ್ಲ ಅವನು ತುಟಿಯಂಚಲ್ಲಿ ನಗುತ್ತಿದ್ದ. "ಕೆಲಸ ನೋಡಿ," ಎಂದು ಗದರುತ್ತಾ ಅವಳೂ ಬೆರಳನ್ನು ಅಲ್ಲೇ ಬಿಡುತ್ತಿದ್ದಳು. ಅತ್ತೆ ನೋಡಿಯೂ ನೋಡದವಳಂತೆ ಇನ್ನೊಂದು ಚಂದ್ರಿಕೆ ಎಳೆದುಕೊಂಡಳು.

ಹುಳವನ್ನೆಲ್ಲ ಚಂದ್ರಿಕೆಗೆ ಬಿಟ್ಟು ಇಬ್ಬರೂ ಆಫೀಸು ಮುಟ್ಟುವಾಗ ಬಿಸಿಲು ಇಳಿದಿತ್ತು. ಅವಳ ಸೆರಗಿಗೆ ಅಲ್ಲಲ್ಲಿ ಹಸಿ ನೂಲು ಅಂಟಿತ್ತು, ಅವನ ಅಂಗಿಯ ತುಂಬ ಸೊಪ್ಪಿನ ಕಲೆ. ಮುನಿಶಾಮಮ್ಮ ಇನ್ನೂ ಕಲ್ಯಾಣಿಯ ಜೊತೆ ಹೊಂಗೆ ಮರದಡಿಯೇ ಕುಳಿತಿದ್ದಳು. ಇಬ್ಬರನ್ನೂ ಕಂಡು ಎದ್ದು ಬಂದು, ಬೆಂದು ಒರಟಾದ ಬೆರಳಿನಿಂದ ಮಗಳ ಸೆರಗಿನ ನೂಲು ಬಿಡಿಸಿದಳು.

ಮೇಜಿನಾಚೆಯ ಗುಮಾಸ್ತರು ಗಡಿಯಾರ ನೋಡಿದರು. "ತುಂಬಾ ದಣಿದಿದೀರಿ. ಅವಸರ ಇಲ್ಲಾಂದ್ರೆ ನಾಳೆ ಬಂದ್ರೂ ನಡೆಯುತ್ತಪ್ಪ."

"ಇಲ್ಲ ಸಾರ್," ಎಂದ ಸುನೀಲ್, ಆಫೀಸಿಗೆಲ್ಲ ಕೇಳುವಂತೆ. "ಟುಡೇ."

ತನುಜ ಕಣ್ಣೊರೆಸಿಕೊಂಡು ಮೂಗು ಏರಿಸಿದಳು. "ಅಷ್ಟು ಕಿರುಚಬಾರದು. ಮೆತ್ತಗೆ ಹೇಳ್ಬೇಕು ಅದನ್ನ."

"ಹೆಂಗೆ? ಕಲಿಸಿ ಮೇಡಂ."

"ಲೇಟರ್," ಎಂದು ತನುಜ ಪೆನ್ನನ್ನು ಅವನ ಕೈಗೆ ತುರುಕಿದಳು. "ಮೊದ್ಲು ಸೈನ್ ಮಾಡ್ರಿ."